ಗಾಳಿಗೆ ಬೆನ್ನು, ಬೆಳಕಿಗೂ ಬೆನ್ನು

ಕೊನೆಗೂ ದೋಣಿ ನಿಂತಿತು!

ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿ ಕೂತು ನೀರಿನ ಹಕ್ಕಿಗಳ ಫೋಟೋ ತೆಗೆಯುವ ನನಗೆ ಮೂರು ತಿಂಗಳಿಂದ ದೋಣಿ ತಿರುಗುವುದೊಂದೇ ಗೋಳಾಗಿತ್ತು. ಮೊನ್ನೆ ಭಾನುವಾರ ಬೆಳಿಗ್ಗೆ 7ರಿಂದ 8:20ರ ತನಕ ಕಯಾಕ್ ಒಂದೇ ಕಡೆ ಮುಖ ಮಾಡಿ ನಿಂತಿತ್ತು. ನಾಮದ ಕೋಳಿಗಳು ನೀರಿನ ಮೇಲೆ ಪಟಪಟ ಅಂತ ಓಡಿ ನೇರ ನನ್ನ ಲೆನ್ಸ್ ಕಡೆಗೇ ಬಂದವು. ಹಣೆಯ ಬಿಳಿ ನಾಮ, ಕೆಂಪು ಕಣ್ಣು, ಕಾಲಿನಿಂದ ಚಿಮ್ಮಿದ ನೀರು, ಎಲ್ಲ ಒಂದೇ ಫ್ರೇಮ್‌ನಲ್ಲಿ. ಮನೆಗೆ ಬಂದು ಕಾರ್ಡ್ ಹಾಕಿ ನೋಡಿದಾಗ ಕಣ್ಣಲ್ಲಿ ನೀರೇ ಬಂತು.

ಕೆರೆಯ ಹೆಸರು ಬರೆಯುವುದಿಲ್ಲ. ಮಂಡ್ಯ ಕಡೆಯ ಸಣ್ಣ ಕೆರೆ, ಏರಿಯ ಮೇಲೆ ಎರಡು ಹುಣಸೆ ಮರ, ಇಷ್ಟು ಸಾಕು. ಪಂಚಾಯಿತಿಯವರನ್ನೂ ಮೀನು ಗುತ್ತಿಗೆ ಹಿಡಿದವರನ್ನೂ ಕೇಳಿಯೇ ಇಳಿದಿದ್ದೇನೆ. ದೋಣಿ 10 ಅಡಿಯದ್ದು, ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್. ಕ್ಯಾಮೆರಾ, ಡ್ರೈ ಬ್ಯಾಗ್, ಲೈಫ್ ಜಾಕೆಟ್ ಎಲ್ಲ ನಿಮ್ಮ ಹತ್ತಿರ ಇರುವಂಥವೇ. ನೇರ ಗೋಳಿಗೆ ಬರುತ್ತೇನೆ.

ಹುಟ್ಟು ಕೆಳಗಿಟ್ಟು ಕ್ಯಾಮೆರಾ ಎತ್ತುವಷ್ಟರಲ್ಲಿ ದೋಣಿ ತಿರುಗಿರುತ್ತದೆ. ಅಷ್ಟೇ ಸಮಸ್ಯೆ. ಆದರೆ 600 ಮಿ.ಮೀ. ಲೆನ್ಸ್ ಹಾಕಿದರೆ ಫುಲ್ ಫ್ರೇಮ್ ಕ್ಯಾಮೆರಾಗೆ ಅಡ್ಡಕ್ಕೆ ಕಾಣುವುದು ಸುಮಾರು 3.4 ಡಿಗ್ರಿ ಮಾತ್ರ. ದೋಣಿ 4 ಡಿಗ್ರಿ ತಿರುಗಿದರೆ ಹಕ್ಕಿ ಫ್ರೇಮ್‌ನಿಂದ ಪೂರ್ತಿ ಹೊರಗೆ. ಲೆನ್ಸ್‌ನ ಸ್ಟೆಬಿಲೈಸೇಶನ್ ಕೈ ನಡುಕವನ್ನು ತಡೆಯುತ್ತದೆ, ದೋಣಿ ತಿರುಗುವುದನ್ನು ತಡೆಯುವುದಿಲ್ಲ. ಮೈ ತಿರುಗಿಸಿದರಾಯಿತು ಅನ್ನುತ್ತೀರಾ? ಎಡಕ್ಕೆ ಪರವಾಗಿಲ್ಲ. ಕಾಲು ಚಾಚಿ ಕೂತು, ಬಲಗೈಯಲ್ಲಿ ಕ್ಯಾಮೆರಾ ಹಿಡಿದು ಬಲಕ್ಕೆ ತಿರುಗಿ ನೋಡಿ. ಸೊಂಟ ಅಲ್ಲೇ ನಿಲ್ಲುತ್ತದೆ, ದೋಣಿ ವಾಲುತ್ತದೆ.

ಮೊದಲು ದೋಣಿಯ ಹಿಂಭಾಗದ ತಳಕ್ಕೆ ಮೀನಿಗಿರುವಂಥ ಒಂದು ರೆಕ್ಕೆ ಹಾಕಿಸಿದೆ. ಹುಟ್ಟು ಹಾಕಿ ಸಾಗುವಾಗ ದೋಣಿ ಚೆನ್ನಾಗಿ ನೇರ ಹೋಗುತ್ತದೆ. ನಿಂತ ಮೇಲೆ ಆ ರೆಕ್ಕೆಯಿಂದ ಏನೂ ಪ್ರಯೋಜನವಿಲ್ಲ. ಅದಕ್ಕೆ ನೀರು ಹರಿಯಬೇಕಲ್ವಾ. ಅದನ್ನು ತರಿಸಿದ ಕಥೆಯೇ ಬೇರೆ. ಆನ್‌ಲೈನ್ ಅಂಗಡಿಯವರು ಎರಡು ಸಲ ಬೇರೆ ಮಾಡೆಲ್‌ನದ್ದು ಕಳಿಸಿದರು. ಮೂರನೇ ಸಲ ಸರಿಯಾದದ್ದು ಬಂತು, ತಿರುಪು ಬರಲಿಲ್ಲ. ಫೋನ್ ಮಾಡಿದರೆ "ಅದು ಸಪರೇಟ್ ಐಟಮ್ ಮೇಡಂ" ಅಂದರು. ತಿರುಪಿಲ್ಲದ ರೆಕ್ಕೆಯನ್ನು ಯಾರು ಯಾತಕ್ಕೆ ಕೊಳ್ಳುತ್ತಾರೆ, ಹೇಳಿ!

ಆಮೇಲೆ 1.5 ಕೆ.ಜಿ. ಮಡಚುವ ಲಂಗರು. ಕೆರೆಯ ತಳದಲ್ಲಿ ಮೆತ್ತನೆ ಗೋಡು. ಲಂಗರು ಅದರಲ್ಲಿ ಹಿಡಿಯುವ ಬದಲು ಉಳುತ್ತಾ ಹೋಯಿತು. ಹಗ್ಗ ಉದ್ದ ಬಿಟ್ಟಾಗ ಹಿಡಿಯಿತು. ಆದರೆ ಹಗ್ಗ ಉದ್ದವಾದಷ್ಟೂ ದೋಣಿ ಆ ಕಡೆ ಈ ಕಡೆ ತೂಗುಯ್ಯಾಲೆ ಆಡಿತು. ಎತ್ತುವಾಗ ಸರಪಳಿ ಒಮ್ಮೆ ಗಲಗಲ ಅಂದಿದ್ದೇ ತಡ, ಜೊಂಡಿನಲ್ಲಿದ್ದ ಜಂಬು ಕೋಳಿಗಳೆಲ್ಲ ಮಾಯ.

ಹಗ್ಗವನ್ನು ದೋಣಿಯ ನಡುವಿಗೆ ಕಟ್ಟಿ ನೋಡಿದೆ. ಗಾಳಿಗೆ ಅಡ್ಡಲಾಗಿ ನಿಂತಿತು, ಅಲೆ ಪಕ್ಕಕ್ಕೆ ಬಡಿದು ಒಂದೇ ಸಮನೆ ಓಲಾಡಿತು. ಮೂತಿಗೆ ಕಟ್ಟಿ ನೋಡಿದೆ. ದೋಣಿ ಗಾಳಿಗೆ ಎದುರು ನಿಂತಿತು, ಸಾಕಷ್ಟು ನೆಟ್ಟಗೇ ನಿಂತಿತು. ಅವತ್ತು 200ಕ್ಕೂ ಹೆಚ್ಚು ಫೋಟೋ ತೆಗೆದೆ. ಎಲ್ಲದರಲ್ಲೂ ಹಕ್ಕಿಯ ಬೆನ್ನು! ಗುಳುಮುಳುಕದ ಬೆನ್ನು, ವರಟೆ ಬಾತಿನ ಬೆನ್ನು, ನೀರುಕಾಗೆಯ ಬೆನ್ನು. ಎದುರು ಬಿಸಿಲಿಗೆ ಅವೂ ಬರೀ ಕಪ್ಪು ನೆರಳು.

ಯಾಕೆ ಹೀಗೆ ಅಂತ ನನಗೆ ಹೊಳೆಯಲೇ ಇಲ್ಲ. ಹೇಳಿಕೊಟ್ಟವರು ಆ ಕೆರೆಯಲ್ಲಿ ಬಲೆ ಬಿಡುವ ಒಬ್ಬ ಅಣ್ಣ. ಅವರ ತೆಪ್ಪ ದುಂಡಗಿನದು, ನನ್ನ ದೋಣಿಗಿಂತ ಜಾಸ್ತಿ ಗಿರಗಿರ ತಿರುಗಬೇಕಾದದ್ದು. ಆದರೆ ಅವರು ಬಲೆ ಬಿಡಿಸುವಾಗ ಅದು ಕಲ್ಲಿನ ಹಾಗೆ ನಿಂತಿರುತ್ತಿತ್ತು. ಪಕ್ಕದಲ್ಲಿ ಒಂದು ಬಿದಿರು ಗಳ, ಗೋಡಿನಲ್ಲಿ ಊರಿದ್ದು.

"ಅಕ್ಕಾ, ಅದ್ಯಾಕೆ ಗಾಳಿ ಜೊತೆ ಕುಸ್ತಿ ಆಡ್ತೀರ? ಹಿಂದ್ಗಡೆ ಒಂದು ಗಳ ಊರಿ ಕಟ್ಬಿಡಿ. ಮೂತಿ ತಾನಾಗೇ ಗಾಳಿ ಹೋದ ಕಡೆ ತಿರುಗ್ತದೆ."

"ಆಗ ಗಾಳಿ ನನ್ನ ಬೆನ್ನಿಗೆ ಬರುತ್ತಲ್ಲ ಅಣ್ಣಾ?"

"ಬರ್ಲಿ ಬಿಡಿ. ಕೋಳಿ, ಬಾತು ಎಲ್ಲ ಗಾಳಿಗೆ ಎದೆ ಕೊಟ್ಟೇ ಏಳೋದು. ನಿಮ್ಮ ಕಡೀಕೇ ಬತ್ತವೆ."

ಈ ಮಾತನ್ನು ನಾನು ಮನೆಗೆ ಹೋಗಿ ಚಿತ್ರ ಬರೆದು ನೋಡಿದೆ. ನೀರಿನ ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಸುಮ್ಮನೆ ತೇಲುವಾಗಲೂ ಹೆಚ್ಚಾಗಿ ಗಾಳಿಗೇ ಮುಖ. ನಾಮದ ಕೋಳಿಯಂತೂ ಏಳಲು ದೂರದವರೆಗೆ ಓಡಲೇಬೇಕು. ಮೂತಿಗೆ ಹಗ್ಗ ಕಟ್ಟಿದಾಗ ನಾನೂ ಹಕ್ಕಿಗಳೂ ಒಂದೇ ದಿಕ್ಕಿಗೆ ನೋಡುತ್ತಿದ್ದೆವು. ಅದಕ್ಕೇ ಬರೀ ಬೆನ್ನು. ಹಿಂದೆ ಕಟ್ಟಿದರೆ ನಾನೂ ಅವೂ ಎದುರುಬದುರು.

ಇನ್ನೂ ಖುಷಿಯ ವಿಷಯ ಬೇರೆ ಇದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಬೆಳಗಿನ ಸೂರ್ಯನೂ ಅದೇ ಕಡೆ. ಅಂದರೆ ಗಾಳಿಗೆ ಬೆನ್ನು ಕೊಟ್ಟರೆ ಬೆಳಕಿಗೂ ಬೆನ್ನು ಕೊಟ್ಟ ಹಾಗೆ. ಹಕ್ಕಿಯ ಮುಖ ನನ್ನ ಕಡೆ, ಮುಖದ ಮೇಲೆ ಎಳೆ ಬಿಸಿಲು. ಚಿತ್ರ ಬರೆದ ರಾತ್ರಿ ನಿದ್ದೆ ಬರಲಿಲ್ಲ.

ಬೊಂಬು ಮಾರುವಲ್ಲಿಂದ 12 ಅಡಿಯ ಗಳ ತಂದೆ. ಅಂಚಿನಲ್ಲಿ ನೀರು 5 ಅಡಿ, ಗೋಡಿಗೆ 2 ಅಡಿ ಇಳಿಯಬೇಕು, ಮಿಕ್ಕಿದ್ದು ಹಿಡಿಯಲು. ಅದೂ ಸುಲಭಕ್ಕೆ ಬಗ್ಗಲಿಲ್ಲ. ಬಿದಿರಿನ ಗೆಣ್ಣು ಗೆಣ್ಣಿನ ನಡುವೆ ಗಾಳಿ ಇರುವುದರಿಂದ ಊರಿದ ಗಳ ಮೆಲ್ಲಗೆ ಮೇಲೇಳುತ್ತಿತ್ತು. ಕೆಳಗಿನ ಪ್ರತಿ ಗೆಣ್ಣಿನ ಮೇಲೂ ಕೆಳಗೂ ಒಂದೊಂದು ತೂತು ಕೊರೆದೆ. ನೀರು ತುಂಬಿ ಗಳ ಭಾರವಾಯಿತು, ಊರಿದ್ದು ಊರಿದಲ್ಲೇ ನಿಂತಿತು. ದೋಣಿಗೆ ಉಜ್ಜುವಲ್ಲಿ ಕಿರ್ ಕಿರ್ ಸದ್ದು ಬರುತ್ತಿತ್ತು. ಅಲ್ಲಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿದೆ. ಕೀಳುವಾಗ ನೇರ ಎಳೆಯಬೇಡಿ, ಮೊದಲು ತಿರುವಿ. ಇಲ್ಲದಿದ್ದರೆ ಗಳದ ಬದಲು ದೋಣಿಯೇ ವಾಲುತ್ತದೆ.

ಇಷ್ಟಾದರೂ ಮೂತಿ ಇನ್ನೂ ಆಡುತ್ತಿತ್ತು. ಎಷ್ಟು ಆಡುತ್ತದೆ ಅಂತ ಅಳೆಯಲು ಏರಿಯ ಮೇಲಿನ ಹುಣಸೆ ಮರಕ್ಕೆ ಲೆನ್ಸ್ ಹಿಡಿದು ಕೂತೆ. ಮರ ಫ್ರೇಮ್‌ನ ಈ ಅಂಚಿನಿಂದ ಬಂದು ಆ ಅಂಚಿನಿಂದ ಹೋಗುತ್ತಿತ್ತು, ಮತ್ತೆ ವಾಪಸ್. ಹಿಂದಿನ ಹಗ್ಗವನ್ನು ಗೇಣುದ್ದಕ್ಕೆ ಇಳಿಸಿದೆ, ಸ್ವಲ್ಪ ಕಡಿಮೆಯಾಯಿತು. ಕೊನೆಗೆ ಕೈಹಿಡಿದದ್ದು ಅಪ್ಪನ ಉಣ್ಣೆ ಕಾಲುಚೀಲ. ಅದರಲ್ಲಿ 2 ಕೆ.ಜಿ. ಮರಳು ತುಂಬಿ, ಬಾಯಿ ಕಟ್ಟಿ, ಮೂತಿಯಿಂದ ತಳ ಮುಟ್ಟುವ ಹಾಗೆ ಇಳಿಬಿಟ್ಟೆ. ಅದು ಲಂಗರಲ್ಲ. ಮೂತಿ ಪಕ್ಕಕ್ಕೆ ಸರಿಯಲು ಹೊರಟಾಗ ಚೀಲ ಗೋಡಿನಲ್ಲಿ ಎಳೆದು ತಡೆಯುತ್ತದೆ, ಅಷ್ಟೇ. ಸರಪಳಿ ಇಲ್ಲ, ಸದ್ದಿಲ್ಲ. ಹುಣಸೆ ಮರ ಫ್ರೇಮ್‌ನ ನಡುವೆ ನಿಂತಿತು. ನಿಮಿಷ ಕಳೆದರೂ ಅಲ್ಲೇ ಇತ್ತು!

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ನಿಂತ ನೀರಿಗೆ ಮಾತ್ರ. ಹರಿಯುವ ಹೊಳೆಯಲ್ಲಿ ಹಿಂಭಾಗಕ್ಕೆ ಕಟ್ಟಿದರೆ ಸೆಳೆತಕ್ಕೆ ಹಿಂದಿನಿಂದ ನೀರು ನುಗ್ಗಿ ದೋಣಿ ಮಗುಚಬಹುದು. ಕೆರೆಯಲ್ಲೂ ಎಳೆದ ಕೂಡಲೇ ಬಿಚ್ಚುವ ಗಂಟನ್ನೇ ಹಾಕಿ, ಚಾಕು ಕೈಗೆ ಸಿಗುವಲ್ಲಿರಲಿ. ಗಾಳಿ ಜೋರಾದರೆ ಎದ್ದು ಬನ್ನಿ. ನಾನು 8:20ಕ್ಕೆ ಎದ್ದದ್ದೂ ಅದಕ್ಕೇ.

ಮತ್ತೆ, ಗಳ ಊರಿದ ಮೇಲೆ ಹಕ್ಕಿಯ ಬೆನ್ನು ಹತ್ತುವ ಹಾಗೇ ಇಲ್ಲ. ಕತ್ತಲಿರುವಾಗಲೇ ಹೋಗಿ ಊರಿಕೊಂಡು ಕೂತರೆ ಅವೇ ಬರುತ್ತವೆ. ಮೊನ್ನೆ ಓಡಿ ಬಂದ ನಾಮದ ಕೋಳಿಗಳೂ ನನಗೆ ಹೆದರಿ ಓಡಿದ್ದಲ್ಲ, ಅವುಗಳದ್ದೇ ಜಾಗದ ಜಗಳ. ಮೈಸೂರಿನ ಹತ್ತಿರದ ಹದಿನಾರು ಅನ್ನುವ ಊರಿನ ಕೆರೆಗೆ ಕಯಾಕ್ ತರಬಹುದಾ ಅಂತ ಗೆಳತಿ ಕೇಳಿದಳು. ಬೇಡ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳ ಹಿಂಡನ್ನು ಒಂದು ಫೋಟೋಗೋಸ್ಕರ ಏಳಿಸುವುದು ನನ್ನಿಂದಾಗದು. ಅವನ್ನು ಏರಿಯ ಮೇಲಿಂದಲೇ ನೋಡೋಣ.

ಕ್ಯಾಮೆರಾ ಸೆಟ್ಟಿಂಗ್ ಕೇಳುವವರಿಗೆ: ಶಟರ್ 1/2500 ಸೆಕೆಂಡ್, ಲೆನ್ಸ್ ಕಿಂಡಿ ಎಫ್ 6.3, ಐಎಸ್‌ಒ ಆಟೋ. ನಾಮದ ಕೋಳಿಯಂಥ ಕಪ್ಪು ಹಕ್ಕಿ ದೊಡ್ಡದಾಗಿ ಬಂದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಬೆಳಕು ಜಾಸ್ತಿ ಕೊಟ್ಟು ಬಿಳಿ ನಾಮವನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7 ಇಟ್ಟುಕೊಳ್ಳಿ.

ಈಗ ತಲೆ ತುಂಬ ದೇವನಕ್ಕಿ, ನೀರಿನಲ್ಲಿ ತೇಲುವ ಎಲೆಗಳ ಮೇಲೆ ನಡೆದಾಡುವ ಹಕ್ಕಿ. ಮಳೆಗಾಲದಲ್ಲಿ ಅದಕ್ಕೆ ಉದ್ದ ಬಾಲ, ಕುತ್ತಿಗೆಯ ಹಿಂದೆ ಚಿನ್ನದ ಬಣ್ಣ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ, ಕಾವು ಕೊಡುವುದೂ ಮರಿ ನೋಡಿಕೊಳ್ಳುವುದೂ ಗಂಡು. ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡ ಅಪ್ಪನನ್ನು ನೀರಿನ ಮಟ್ಟದಿಂದ ತೆಗೆಯಬೇಕು. ಗೂಡಿನ ಹತ್ತಿರ ಹೋಗುವುದಿಲ್ಲ, ಮರಿಗಳು ಎಲೆಯ ಮೇಲೆ ಓಡಾಡಲು ಶುರು ಮಾಡಿದ ಮೇಲೆ ದೂರದಿಂದ. ಜೂನ್ ನಂತರ ಗಾಳಿ ಪಡುವಣದಿಂದ. ಬೆಳಿಗ್ಗೆ ಲೆಕ್ಕ ಪೂರ್ತಿ ಉಲ್ಟಾ. ಆದರೆ ಸಂಜೆ? ಸಂಜೆ ಸೂರ್ಯನೂ ಪಡುವಣದಲ್ಲೇ! ಅದೇ ಗಳ, ಅದೇ ಗಂಟು, ದೋಣಿಯ ಮುಖ ಮಾತ್ರ ಮೂಡಲಿಗೆ. ಮೋಡ ಬಿಟ್ಟುಕೊಟ್ಟ ಸಂಜೆಗಳನ್ನು ಹಿಡಿಯಬೇಕು.

ಮಳೆಗಾಲಕ್ಕೆ ಅಂಚಿನಲ್ಲೂ ನೀರು ಎರಡಡಿ ಏರುತ್ತದಂತೆ, ತೆಪ್ಪದ ಅಣ್ಣ ಹೇಳಿದರು. 14 ಅಡಿಯ ಗಳ ಹೇಳಿಟ್ಟು ಬಂದಿದ್ದೇನೆ. ಅಪ್ಪನಿಗೆ ಹೊಸ ಕಾಲುಚೀಲವನ್ನೂ ತರಬೇಕು.