ಎದೆ ಮ್ಯಾಲೆ ಒಳ್ಕಲ್ಲು

ಆ ಅರ್ಜಿಯನ್ನು ವಾಪಸ್ ಕಳಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಬೇರೆಯವರ ಮೇಲಿನ ಚಾಡಿ ಥರ ಕೇಳಿಸುತ್ತದೆ.

ಮೈಸೂರಿನಲ್ಲಿ ನಮ್ಮದೊಂದು ಆಪ್ತ ಸಮಾಲೋಚಕರ ಸಂಘ ಇದೆ. ಹೆಸರು ಬೇಡ. ಅರವತ್ತು ಚಿಲ್ಲರೆ ಸದಸ್ಯರು. ಎರಡು ತಿಂಗಳಿಗೊಮ್ಮೆ ಭಾನುವಾರ ಸರಸ್ವತಿಪುರಂನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಸೇರುತ್ತೇವೆ. ಸಣ್ಣ ಸಂಘವಾದರೂ ಸರ್ಟಿಫಿಕೇಟ್‌ಗೆ ಬೆಲೆ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕುವುದಕ್ಕೆ ಅಂಥದ್ದು ಬಹಳ ಕಾಲ ಇರಲೇ ಇಲ್ಲ. ಹಾಗಾಗಿ ಸ್ಕೂಲಿನವರು, ಕಂಪನಿಯವರು 'ನೀವು ಯಾವ ಸಂಘದ ಮೆಂಬರ್?' ಅಂತ ಕೇಳುತ್ತಾರೆ. ಮೆಂಬರ್ ಅಂದರೆ ಕೆಲಸ ಸಿಗುತ್ತದೆ.

ಆವತ್ತಿನ ಅಜೆಂಡಾದಲ್ಲಿ ಒಂದೇ ವಿಷಯ: ಸಂಘದಲ್ಲಿ ಸಮಾನತೆ, ವೈವಿಧ್ಯ, ಒಳಗೊಳ್ಳುವಿಕೆ. ಮೂರು ಜನರ ಉಪಸಮಿತಿ ಮಾಡಿ ನನ್ನನ್ನೂ ಹಾಕಿದ್ದರು. ಯಾಕೆ ಅಂತ ಗೊತ್ತಿತ್ತು. ನಾನು ಪಾಂಡವಪುರದ ಕಡೆಯವಳು. ಸಂಘದಲ್ಲಿ 'ಹಳ್ಳಿ' ಅಂದಾಗೆಲ್ಲ ನಾಲ್ಕು ತಲೆ ನನ್ನ ಕಡೆ ತಿರುಗುತ್ತವೆ.

ಕರಡು ನೀತಿ ಆಗಲೇ ತಯಾರಾಗಿತ್ತು. ಬ್ರಿಟನ್ನಿನ ಥೆರಪಿ ಸಂಸ್ಥೆಯೊಂದರ ನೀತಿಯನ್ನು ಇಳಿಸಿಕೊಂಡು, ಅವರ ಹೆಸರಿದ್ದ ಕಡೆ ನಮ್ಮ ಹೆಸರು ತುಂಬಿದ್ದರು. ಅಲ್ಲಿನ 2010ರ ಸಮಾನತೆ ಕಾಯ್ದೆ ಒಂಬತ್ತು ಗುರುತುಗಳನ್ನು ಹೆಸರಿಸುತ್ತದೆ. ವಯಸ್ಸು, ಅಂಗವೈಕಲ್ಯ, ಲಿಂಗ ಬದಲಾವಣೆ, ಮದುವೆ, ಬಸಿರು ಬಾಣಂತನ, ಜನಾಂಗ, ಧರ್ಮ, ಲಿಂಗ, ಲೈಂಗಿಕ ಒಲವು. ಒಂಬತ್ತೂ ನಮ್ಮ ಕರಡಿನಲ್ಲಿ ಹಾಗೇ ಇದ್ದವು. ಜಾತಿ ಇರಲಿಲ್ಲ. ಅವರ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ನಮ್ಮದರಲ್ಲೂ ಇಲ್ಲ! ನಮ್ಮದೇ 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ 'ಜಾತಿ' ಅನ್ನುವ ಪದ ಸ್ಪಷ್ಟವಾಗಿದೆ. ವರ್ಗವೂ ಇದೆ. ಸೇವೆ ಕೈಗೆಟುಕುವ ಬೆಲೆಯಲ್ಲಿ ಸಿಗಬೇಕು, ಊರಿಗೆ ಹತ್ತಿರ ಇರಬೇಕು ಅಂತಲೂ ಇದೆ. ಅದನ್ನು ಯಾರೂ ತೆಗೆದು ನೋಡಿರಲಿಲ್ಲ. ನಾನೂ ನೋಡಿದ್ದು ಹಿಂದಿನ ರಾತ್ರಿ.

'ಜಾತಿ ಸೇರಿಸಬೇಕು' ಅಂದೆ. ಒಂದು ಕ್ಷಣ ಫ್ಯಾನಿನ ಸದ್ದು ಮಾತ್ರ. ಹಿರಿಯರೊಬ್ಬರು, 'ಥೆರಪಿ ರೂಮಿನಲ್ಲಿ ಜಾತಿ ಎಲ್ಲಿ ಬರುತ್ತಮ್ಮಾ? ನಾವು ಯಾರನ್ನೂ ಕೇಳೋದೇ ಇಲ್ಲ' ಅಂದರು. ನಿಜ, ಯಾರೂ ಕೇಳುವುದಿಲ್ಲ. 'ಯಾವ ಕಡೆಯವರು?' ಅಂತ ಶುರು ಮಾಡುತ್ತೇವೆ, ಆಮೇಲೆ 'ಮನೆದೇವ್ರು ಯಾವ್ದು?' ಅಂತೀವಿ. ಎದುರು ಕೂತವರಿಗೂ ಗೊತ್ತು, ನಮಗೂ ಗೊತ್ತು. ಇದನ್ನು ಹೇಳಿದಾಗ ಕೆಲವರು ನಕ್ಕರು. ಮೂಲೆಯಲ್ಲಿದ್ದ ಕಿರಿಯ ಸದಸ್ಯ ನಗಲಿಲ್ಲ. 'ನನ್ನ ಸೂಪರ್‌ವೈಸರ್ ಮೊದಲ ದಿನ ಕೇಳಿದ್ದೇ ಅದು' ಅಂದ. ಮುಂದಕ್ಕೆ ಏನೂ ಹೇಳಲಿಲ್ಲ. ಸೂಪರ್‌ವೈಸರ್ ಅದೇ ಕೋಣೆಯಲ್ಲಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಜಾತಿ ಸೇರಿತು.

ಅರ್ಜಿ ಫಾರಂನಲ್ಲಿ ಗಂಡು, ಹೆಣ್ಣು ಎರಡೇ ಚೌಕ ಇದ್ದವು. ಅದನ್ನು ಎರಡು ನಿಮಿಷದಲ್ಲಿ ಸರಿ ಮಾಡಿದೆವು. ತೃತೀಯ ಲಿಂಗವನ್ನೂ ಗುರುತಿಸಬೇಕು ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದ್ದು ನಮ್ಮ ಫಾರಂವರೆಗೆ ಬರಲು ಇಷ್ಟು ದಿನ ಹಿಡಿಯಿತು. ಚಪ್ಪಾಳೆ ಬಿತ್ತು. ನನಗೂ ಖುಷಿಯೇ, ಆದರೆ ಯಾರ ಜೇಬಿಗೂ ಕೈ ಹಾಕದ ತಿದ್ದುಪಡಿ ಎಷ್ಟು ಬೇಗ ಪಾಸಾಗುತ್ತದೆ ನೋಡಿ. ಮೆಟ್ಟಿಲು ಹತ್ತಲಾಗದವರಿಗಾಗಿ ಸಭೆಯನ್ನು ನೆಲಮಹಡಿಗೆ ಇಳಿಸುವ ಮಾತು ಬಂತು, 'ಬಾಡಿಗೆ ವಿಚಾರಿಸೋಣ' ಅಂತ ಅಲ್ಲೇ ಮಲಗಿತು.

ಆಮೇಲೆ ಬಂತು ಸದಸ್ಯತ್ವದ ನಿಯಮ. ನೂರು ಗಂಟೆ ಸೂಪರ್‌ವಿಷನ್, ಅಂದರೆ ಹಿರಿಯ ಸಮಾಲೋಚಕರ ಮುಂದೆ ನಮ್ಮ ಕೇಸುಗಳನ್ನಿಟ್ಟು ಸಲಹೆ ಪಡೆಯುವುದು, ಅದೂ ನಮ್ಮ ಪಟ್ಟಿಯಲ್ಲಿರುವವರ ಹತ್ತಿರ. ಪಟ್ಟಿಯಲ್ಲಿ ಇರುವವರೆಲ್ಲ ಮೈಸೂರಿನವರು. ಗಂಟೆಗೆ ಸಾವಿರ ರೂಪಾಯಿ ಅಂದರೂ ಒಂದು ಲಕ್ಷ ಆಯಿತಲ್ವಾ? ಜೊತೆಗೆ ಎರಡು ಕೇಸ್ ವರದಿ, ಇಂಗ್ಲಿಷಿನಲ್ಲಿ. 'ಇದರಿಂದ ಯಾರಾದರೂ ಹೊರಗೆ ಉಳಿದಿದ್ದಾರಾ? ಒಂದು ಉದಾಹರಣೆ ಕೊಡಿ' ಅಂದರು ಅಧ್ಯಕ್ಷರು. ಕಾರ್ಯದರ್ಶಿ ತಿರಸ್ಕೃತ ಅರ್ಜಿಗಳ ಫೈಲು ತಂದು ನನ್ನ ಮುಂದಿಟ್ಟರು.

ಮೇಲಿಂದ ಮೂರನೆಯದೇ ಅದು. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನವರು. ಮಹಿಳಾ ಸಾಂತ್ವನ ಕೇಂದ್ರದಲ್ಲಿ ಹನ್ನೆರಡು ವರ್ಷ ಆಪ್ತ ಸಮಾಲೋಚಕಿ. ಎಂಎಸ್‌ಡಬ್ಲ್ಯೂ ಮಾಡಿದ್ದಾರೆ. ಹೊಡೆತ ತಿಂದು ಬಂದ ಹೆಂಗಸರು, ವಿಷದ ಬಾಟಲು ಎತ್ತಿಟ್ಟುಕೊಂಡವರು, ಎರಡನೇದೂ ಹೆಣ್ಣಾಯ್ತು ಅಂತ ತವರಿಗೆ ಅಟ್ಟಿಸಿಕೊಂಡವರು. ನಮ್ಮ ಅರವತ್ತು ಜನರಲ್ಲಿ ಎಷ್ಟು ಮಂದಿ ಅಂಥ ಒಂದು ದಿನ ತಡೆದಾರು? ಕೇಸ್ ವರದಿಯನ್ನು ಕನ್ನಡದಲ್ಲಿ ಬರೆದಿದ್ದರು, ರೂಲು ಹಾಕಿದ ಹಾಳೆಯಲ್ಲಿ, ನೀಲಿ ಇಂಕಿನಲ್ಲಿ. ಮೊದಲ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಇಂಗ್ಲಿಷಿನ ಷರಾ ಇತ್ತು: ಭಾಷೆ ವೃತ್ತಿಗೆ ತಕ್ಕಂತಿಲ್ಲ, ತಿದ್ದಿ ಮತ್ತೆ ಕಳಿಸಿ. ಕೆಳಗೆ ನನ್ನ ಸಹಿ.

'ಓದಿ ಮೇಡಂ' ಅಂದರು ಯಾರೋ.

ಓದಿದೆ. ಬಂದವರ ಗುರುತು ಸಿಗುವ ಒಂದು ಮಾತೂ ಅದರಲ್ಲಿ ಇರಲಿಲ್ಲ, ಅಷ್ಟು ಜೋಪಾನ ಮಾಡಿದ್ದರು. ಬಂದಾಕೆ ಹೇಳಿದ್ದನ್ನು ಮಾತ್ರ ಹೇಳಿದ ಹಾಗೇ ಇಳಿಸಿದ್ದರು. 'ಎದೆ ಮ್ಯಾಲೆ ಒಳ್ಕಲ್ಲು ಇಟ್ಟಂಗಾಯ್ತದೆ. ಕೈಕಾಲು ಸೋಲ್ತವೆ. ಯಾರ್ಗೂ ಯೋಳಕ್ಕಾಗಲ್ಲ, ಮಾತು ಗಂಟ್ಲಲ್ಲೇ ನಿಂತ್ಕತದೆ. ಐಕ್ಳು ಮಕ ನೋಡ್ಕಂಡು ಬದುಕಿವ್ನಿ.'

'ಯೋಳಕ್ಕಾಗಲ್ಲ' ಅನ್ನುವಲ್ಲಿ ನನ್ನ ನಾಲಿಗೆ ತಾನಾಗಿ 'ಹೇಳೋಕ್ಕಾಗಲ್ಲ' ಅಂದುಬಿಟ್ಟಿತು. ಮತ್ತೆ ಹಿಂದಕ್ಕೆ ಹೋಗಿ ಇದ್ದದ್ದು ಇದ್ದಂತೆ ಓದಿದೆ. ನಮ್ಮವ್ವ ಮಾತಾಡುವುದು ಹೀಗೇ. ಮಾನಸಗಂಗೋತ್ರಿಗೆ ಎಂಎಸ್ಸಿಗೆ ಸೇರಿದ ವರ್ಷ ಹಾಸ್ಟೆಲಿನಲ್ಲಿ ನಾನು 'ಐಕ್ಳು' ಅಂದಾಗ ರೂಮೆಲ್ಲ ನಕ್ಕಿತ್ತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಬ್ಬಳೇ ನಡೆಯುತ್ತಾ 'ಹೇಳು, ಹೋಗು, ಹಾಲು, ಹೊಟ್ಟೆ' ಅಂತ ಹಕಾರ ಅಭ್ಯಾಸ ಮಾಡಿದವಳು ನಾನು. ಕಲಿತು ಮುಗಿದ ಮೇಲೆ ಕೆಂಪು ಪೆನ್ನು ಕೈಗೆ ಬಂತು.

ಓದಿ ಮುಗಿಸಿದಾಗ ಒಬ್ಬರು, 'ಚೆನ್ನಾಗಿದೆ, ಆದ್ರೆ ಇದು ಕಥೆ ಥರ ಇದೆ. ಪ್ಯಾನಿಕ್ ಅಂತ ಒಂದು ಪದ ಹಾಕಿದ್ದರೆ ಸಾಕಿತ್ತು' ಅಂದರು. ಅಷ್ಟು ಹೊತ್ತು ಸುಮ್ಮನಿದ್ದ ನಿವೃತ್ತ ಮನೋವೈದ್ಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. 'ಒಳ್ಕಲ್ಲು ಇಟ್ಟಂಗೆ ಅನ್ನೋದನ್ನ ಹಾಗೇ ಬರ್ಕೊಂಡಿದಾರಲ್ಲ, ಅದಕ್ಕೇ ಆಕೆ ಎರಡನೇ ಸಲ ವಾಪಸ್ ಬಂದಿದಾಳೆ. ಪ್ಯಾನಿಕ್ ಅಂದಿದ್ದರೆ ಮಾತ್ರೆ ಕೇಳ್ಕೊಂಡು ಹೋಗೋಳು' ಅಂದರು.

'ಗುಣಮಟ್ಟ' ಅನ್ನುವ ಪದ ಬರುತ್ತದೆ ಅಂತ ನಾನು ಕಾಯುತ್ತಿದ್ದೆ, ಬಂತು. ಈ ಊರಿಗೆ ಅದು ಹೊಸದೇನಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದು ಹೇಗೆ ಅಂತ ನೋಡಲು ಮಿಲ್ಲರ್ ಸಮಿತಿ ಮಾಡಿದಾಗಲೂ ಇದೇ ವಾದ ಎದ್ದಿತ್ತು. ನೂರು ವರ್ಷ ದಾಟಿದರೂ ಬಾಯಿಪಾಠ ಮರೆತಿಲ್ಲ. ನಾನು ಅದನ್ನು ಅಲ್ಲಿ ಹೇಳಲಿಲ್ಲ. ಸಹಿ ನನ್ನದೇ ಇದ್ದುದರಿಂದ ಗಂಟಲು ಒಣಗಿತ್ತು.

ಊಟದ ಹೊತ್ತಿಗೆ ಇಷ್ಟಾಯಿತು: ಕೇಸ್ ವರದಿ ಕನ್ನಡದಲ್ಲೂ ಬರೆಯಬಹುದು, ಬಂದವರ ಮಾತನ್ನು ಅವರ ಮಾತಿನಲ್ಲೇ ಇಡಬಹುದು. ಸೂಪರ್‌ವಿಷನ್ ಗುಂಪಿನಲ್ಲಿ, ಕಡಿಮೆ ದುಡ್ಡಿಗೆ, ತಿಂಗಳಿಗೊಮ್ಮೆ ಮಂಡ್ಯದಲ್ಲೇ ಮಾಡುವ ಪ್ರಸ್ತಾಪ ಮುಂದಿನ ಸಭೆಗೆ ಹೋಯಿತು. ಅಲ್ಲೂ ಮಲಗಬಹುದು. ಪಟ್ಟಿಯಲ್ಲಿರುವವರ ಆದಾಯದ ಪ್ರಶ್ನೆ, ಸುಮ್ನೆ ಬಿಟ್ಟುಕೊಡುತ್ತಾರಾ?

ಸಂಜೆ ಮನೆಗೆ ಹೋಗಿ ಅರ್ಜಿ ಹಾಕಿದ್ದ ಆ ಸಮಾಲೋಚಕಿಗೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ಮೂರು ಸಲ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದೆ. ಹಿಂದೆ ಕರು ಕೂಗುತ್ತಿತ್ತು, ಪಾತ್ರೆ ಸದ್ದು. ಅರ್ಜಿ ತಿರಸ್ಕರಿಸಿದ್ದು ನಾನು, ತಪ್ಪಾಯಿತು, ಈಗ ನಿಯಮ ಬದಲಾಗಿದೆ, ವರದಿ ಹಾಗೇ ಇರಲಿ, ಮತ್ತೆ ಕಳಿಸಿ ಅಂದೆ. ಆಕೆ ಪೂರ್ತಿ ಕೇಳಿಸಿಕೊಂಡರು, ನಡುವೆ ಒಂದು ಸಲವೂ ಬಾಯಿ ಹಾಕದೆ. ಕೇಳುವುದು ಗೊತ್ತಿದ್ದವರು.

'ಆಯ್ತು ಮೇಡಂ, ನೋಡ್ತೀನಿ' ಅಂದರು. ಸ್ವಲ್ಪ ತಡೆದು, 'ಆವಾಗ ಸಾವಿರ ರೂಪಾಯಿ ಅರ್ಜಿ ಫೀಸು ಕಟ್ಟಿದ್ನಲ್ಲಾ, ಅದು ನಡೀತದಾ, ಇಲ್ಲ ತಿರ್ಗಾ ಕಟ್ಬೇಕಾ?' ಅಂದರು.

ಆ ಬಗ್ಗೆ ನಾವು ಯಾರೂ ಮಾತಾಡಿರಲಿಲ್ಲ. 'ಕೇಳಿ ಯೋಳ್ತೀನಿ' ಅಂದೆ.