ಸಿಪ್ಪೆ, ತಪ್ಪಲ ತಿಂದ್ರೆ ಏನೂ ಆಗಲ್ವಾ?

ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಮೂಲಂಗಿ ಕೊಂಡರೆ ಮಾರುವವಳ ಕೈ ತಾನಾಗಿಯೇ ತಪ್ಪಲಿಗೆ, ಅಂದರೆ ಎಲೆಗೆ, ಹೋಗುತ್ತದೆ. "ಮುರದು ಕೊಡ್ಲೇನ್ರಿ ಅಕ್ಕಾ?" "ಬ್ಯಾಡವ್ವ, ನಾ ಬಂದಿದ್ದೇ ತಪ್ಪಲಕ್ಕ." ಪಕ್ಕದವರು ತಿರುಗಿ ನೋಡುತ್ತಾರೆ. ಮನೆಗೆ ಬಂದವರದೂ ಅದೇ ಪ್ರಶ್ನೆ: ಬಿಸಾಡೋದನ್ನೆಲ್ಲ ತಿಂತೀರಲ್ಲ, ಏನೂ ಆಗಲ್ವಾ?

ಬಹಳಷ್ಟರಿಂದ ಏನೂ ಆಗಲ್ಲ. ಮೂಲಂಗಿ ಗಡ್ಡೆಯಲ್ಲಿ ಇರುವುದು ಹೆಚ್ಚಾಗಿ ನೀರು. ಕ್ಯಾಲ್ಸಿಯಂ, ಕಬ್ಬಿಣ, ಸಿ ವಿಟಮಿನ್ ಎಲ್ಲ ಎಲೆಯಲ್ಲೇ ಜಾಸ್ತಿ. ಎಳೆಯದಾದರೆ ಹಸಿಯಾಗಿಯೇ ರೊಟ್ಟಿ ಜೊತೆ ಕಡಿಯುತ್ತೇವೆ, ಬಲಿತಿದ್ದರೆ ಹೆಸರುಬೇಳೆ ಹಾಕಿ ಪಲ್ಯ. ಹೂಕೋಸಿನ ಸುತ್ತಲಿನ ಎಲೆಯನ್ನೂ ಹೀಗೇ ಬಳಸುತ್ತೇನೆ. ಕೊತ್ತಂಬರಿ ದಂಟನ್ನು ಎಸೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ, ಘಮ ಇರುವುದೇ ಅಲ್ಲಿ ಅಲ್ವಾ?

ಬೀಟ್‌ರೂಟ್ ಎಲೆಗೆ ಮಾತ್ರ ಒಂದು ಮಾತು. ಅದರಲ್ಲಿ ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ತುಂಬಾ ಇರುತ್ತದೆ. ನಮ್ಮ 42 ಡಿಗ್ರಿ ಬಿಸಿಲಲ್ಲಿ ನೀರು ಕಮ್ಮಿ ಕುಡಿದು ಕಿಡ್ನಿ ಕಲ್ಲು ಮಾಡಿಕೊಂಡವರು ಓಣಿಗೊಬ್ಬರು ಸಿಗುತ್ತಾರೆ. ಅಂಥವರು ಅದನ್ನು ಬಿಡುವುದೇ ಒಳ್ಳೆಯದು. ಉಳಿದವರು ಕುದಿಸಿ ನೀರು ಚೆಲ್ಲಿದರೆ ಆಕ್ಸಲೇಟ್ ಒಂದಿಷ್ಟು ಇಳಿಯುತ್ತದೆ.

ಔಷಧ ಹೊಡೆದಿರ್ತಾರಲ್ಲ ಅಂತ ಕೇಳುವವರೂ ಇದ್ದಾರೆ. ಹೌದು, ಹೊಡೆದಿರುತ್ತಾರೆ. ಹರಿಯುವ ನೀರಲ್ಲಿ ಉಜ್ಜಿ ತೊಳೆದರೆ ಮೇಲಿನದು ಬಹಳಷ್ಟು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ.

ನಾನು ನಿಜವಾಗಿ ಹೆದರುವುದು ಎರಡಕ್ಕೆ. ಒಂದು, ಹಸಿರಾದ ಆಲೂಗಡ್ಡೆ. ಬೆಳಕಿಗಿಟ್ಟರೆ ಸಿಪ್ಪೆ ಹಸಿರಾಗುತ್ತದೆ, ಆ ಜಾಗದಲ್ಲಿ ಸೊಲನಿನ್ ಎಂಬ ವಿಷ ಕೂಡಿರಬಹುದು. ಮೊಳಕೆಯಲ್ಲಿ ಇನ್ನೂ ಜಾಸ್ತಿ. ತಿಂದರೆ ವಾಂತಿ, ಭೇದಿ. ಕುದಿಸಿದರೆ ಸಾಯುತ್ತದೆ ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಇಲ್ಲ, ಕುದಿಸಿದರೂ ಅದು ಹೋಗುವುದಿಲ್ಲ. ಈಗ ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತುತ್ತೇನೆ, ಪೂರ್ತಿ ಹಸಿರಾಗಿದ್ದರೆ ಎಸೆಯುತ್ತೇನೆ. ಚೀಲವೂ ಕಿಟಕಿ ಬಿಟ್ಟು ಕತ್ತಲೆ ಮೂಲೆಗೆ ಹೋಗಿದೆ.

ಇನ್ನೊಂದು, ಕಹಿ ಸೋರೆಕಾಯಿ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಅದರ ರಸ ಕುಡಿದು ತೀರಿಕೊಂಡರು. ಆಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿ ಹೇಳಿದ್ದು ಸರಳ: ಮೊದಲು ಚೂರು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ವಿಷ ಬೇಯಿಸಿದರೂ ಉಳಿಯುತ್ತದೆ. ಹೀರೇಕಾಯಿ, ಸವತೆಕಾಯಿಯೂ ಅದೇ ಕುಲದವು. ಹಾಗಲಕಾಯಿಯ ಕಹಿ ಬೇರೆ, ಅದನ್ನು ಇದಕ್ಕೆ ಸೇರಿಸಬೇಡಿ.

ಹಾಗಾಗಿ ನಮ್ಮ ಮನೆಯ ಚಟ್ನಿ ಶುರುವಾಗುವುದು ನಾಲಿಗೆಯಿಂದ. ಹೀರೇಕಾಯಿಯ ತುದಿ ಕತ್ತರಿಸಿ ನೆಕ್ಕುತ್ತೇನೆ. ಸಪ್ಪೆ ಇದ್ದರೆ ಸರಿ. ಸಿಪ್ಪೆ ಹೆರೆದು, ಆ ಸಿಪ್ಪೆಯನ್ನೇ ಹಸಿಮೆಣಸಿನಕಾಯಿ ಜೊತೆ ಎಣ್ಣೆಯಲ್ಲಿ ಬಾಡಿಸಿ, ಹುರಿದ ಶೇಂಗಾ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಒರಳಲ್ಲಿ ತರಿತರಿಯಾಗಿ ಕುಟ್ಟುವುದು. ಮಿಕ್ಸಿಗೆ ಹಾಕಿದರೆ ಸುಮ್ನೆ ಮುದ್ದೆಯಾಗುತ್ತದೆ. ಪ್ರಶ್ನೆ ಕೇಳಿದವರಿಗೆ ಬಿಸಿ ಜೋಳದ ರೊಟ್ಟಿ ಮೇಲೆ ಇದನ್ನೇ ಇಟ್ಟು ಕೊಡುತ್ತೇನೆ. ಏನು ಹಾಕಿದ್ದೀರಿ ಅಂತ ಕೇಳುವುದು ಎರಡನೇ ರೊಟ್ಟಿ ಮುಗಿದ ಮೇಲೆ.