ಯಿವು ಪೇಟೆಯಲ್ಲಿ ಎರಡು ದಿನ

2024ರ ನವೆಂಬರಿನಲ್ಲಿ ನಾನು ಚೀನಾಕ್ಕೆ ಹೊರಟಾಗ ನಮ್ಮ ದೇಶದಿಂದ ಶಾಂಘೈಗೆ ನೇರ ವಿಮಾನಗಳು ಇನ್ನೂ ಪುನರಾರಂಭವಾಗಿರಲಿಲ್ಲ. ಸಿಂಗಪುರದಲ್ಲಿ ವಿಮಾನ ಬದಲಿಸಿ ಹೋದೆವು. ಜೊತೆಗಿದ್ದವನು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಫ್ಯಾನ್ಸಿ ಸಾಮಾನುಗಳ ಸಗಟು ವ್ಯಾಪಾರ ಮಾಡುವ ನನ್ನ ಬಾಲ್ಯದ ಗೆಳೆಯ. ಅವನಿಗೆ ಸರಕು ಬೇಕಿತ್ತು. ನನಗೆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ನಮ್ಮಿಬ್ಬರದೂ ಚನ್ನಪಟ್ಟಣ. ಹಾಲೆಮರವನ್ನು ಲೇತಿಗೆ ಕೊಟ್ಟು, ಬಣ್ಣದ ಅರಗು ಹಚ್ಚಿ ಗೊಂಬೆ ಮಾಡುತ್ತಿದ್ದ ನನ್ನ ದೊಡ್ಡಪ್ಪ, ‘ಚೀನಾ ಗೊಂಬೆ ಬಂದು ನಮ್ಮ ಕೆಲಸ ತಿಂದಿತು’ ಎಂದು ಹೇಳುತ್ತಲೇ ಕೆಲಸ ನಿಲ್ಲಿಸಿದವರು. ಆ ಗೊಂಬೆ ಎಲ್ಲಿಂದ ಹೊರಟು ಬರುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಬೇಕಿತ್ತು.

ಶಾಂಘೈನ ಹೊಂಗ್‌ಚಿಯಾವೊ ನಿಲ್ದಾಣದಿಂದ ಅತಿವೇಗದ ರೈಲಿನಲ್ಲಿ ಝೆಜಿಯಾಂಗ್ ಪ್ರಾಂತ್ಯದ ಯಿವು ನಗರಕ್ಕೆ ಒಂದೂವರೆ ಗಂಟೆಯ ಆಸುಪಾಸು. 2020ರ ಜನಗಣತಿಯಲ್ಲಿ ಇಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರೂ ಆಡಳಿತದ ಲೆಕ್ಕದಲ್ಲಿ ಇದು ಜಿನ್‌ಹುವಾದ ಅಧೀನದಲ್ಲಿರುವ ತಾಲ್ಲೂಕು ಮಟ್ಟದ ಊರು. ಅದರ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದಲ್ಲಿ ಸುಮಾರು 75,000 ಮಳಿಗೆಗಳಿವೆ. ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ನಡೆದರೂ ನಾವು ಕೃತಕ ಹೂವು, ಆಟಿಕೆ, ಕೂದಲ ಕ್ಲಿಪ್ಪುಗಳ ಸಾಲುಗಳನ್ನಷ್ಟೇ ನೋಡಲು ಸಾಧ್ಯವಾಯಿತು. ಪ್ರತಿ ಮಳಿಗೆಯೂ ನಮ್ಮ ಊರಿನ ಪೆಟ್ಟಿಗೆ ಅಂಗಡಿಗಿಂತ ಸ್ವಲ್ಪವೇ ದೊಡ್ಡದು. ಬಹುತೇಕ ಕಡೆ ಕುಳಿತವರು ಹೆಂಗಸರು. ಇಂಥ ಒಡತಿಯನ್ನು ಅಲ್ಲಿ ‘ಲಾವ್‌ಬಾನ್‌ನಿಯಾಂಗ್’ ಎನ್ನುತ್ತಾರೆ. ಭಾಷೆ ಬಾರದಿದ್ದರೂ ವ್ಯಾಪಾರ ನಿಲ್ಲುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಒತ್ತಿ ಮುಂದಕ್ಕೆ ಸರಿಸುತ್ತಾರೆ, ಗಿರಾಕಿ ಇನ್ನೊಂದು ಅಂಕಿ ಒತ್ತಿ ಹಿಂದಕ್ಕೆ ಸರಿಸುತ್ತಾನೆ.

ಈ ಊರಿನ ಹಿಂದಿನ ಕಥೆಯೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಯಿವುವಿನ ಮಣ್ಣು ಫಲವತ್ತಾದದ್ದಲ್ಲ. ಚಳಿಗಾಲದಲ್ಲಿ ಹೊಲದ ಕೆಲಸ ಮುಗಿದ ಮೇಲೆ ಇಲ್ಲಿನ ರೈತರು ಕೈಯಲ್ಲೊಂದು ಗಿಲಕಿ ಡಮರು, ಹೆಗಲ ಮೇಲೆ ಕಾವಡಿ ಹೊತ್ತು ಹಳ್ಳಿಹಳ್ಳಿ ತಿರುಗುತ್ತಿದ್ದರು. ಬೆಲ್ಲದ ಮಿಠಾಯಿ ಕೊಟ್ಟು ಕೋಳಿಪುಕ್ಕ ಪಡೆಯುತ್ತಿದ್ದರು. ಒಳ್ಳೆಯ ಪುಕ್ಕ ದೂಳು ಹೊಡೆಯುವ ಪೊರಕೆಗೆ, ಉಳಿದದ್ದು ಗದ್ದೆಯ ಗೊಬ್ಬರಕ್ಕೆ. ಖಾಸಗಿ ವ್ಯಾಪಾರವನ್ನು ತಪ್ಪೆಂದು ಕಂಡ ವರ್ಷಗಳಲ್ಲೂ ಅದು ಕದ್ದುಮುಚ್ಚಿ ನಡೆಯಿತು. 1982ರಲ್ಲಿ ಇಲ್ಲಿನ ಪಕ್ಷದ ಕಾರ್ಯದರ್ಶಿಯಾಗಿ ಬಂದ ಷಿಯೆ ಗಾವ್‌ಹುವಾ ಅವರ ಎದುರು ಬೀದಿ ವ್ಯಾಪಾರದ ಒಬ್ಬ ಮಹಿಳೆ ನಿಂತು, ತಮ್ಮನ್ನು ಏಕೆ ಓಡಿಸುತ್ತೀರಿ ಎಂದು ನೇರವಾಗಿ ಕೇಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬೀಜಿಂಗ್‌ನಿಂದ ಸ್ಪಷ್ಟ ಆದೇಶ ಬರುವ ಮೊದಲೇ, ಷಿಯೆ ಅವರು ಪೇಟೆ ತೆರೆಯಲು ಅನುಮತಿ ಕೊಟ್ಟರು. ಸಿಮೆಂಟಿನ ಹಲಗೆಗಳ ಮೇಲೆ ಸಾಮಾನು ಹರಡಿದ ಆ ಬೀದಿಯೇ ನಾವು ಹೋದಾಗ ಐದು ವಿಭಾಗಗಳ ಕಟ್ಟಡಗಳಾಗಿ ಬೆಳೆದಿತ್ತು. ಚೀನಾದ ಏಳಿಗೆಯನ್ನು ಬೀಜಿಂಗ್‌ನ ಯೋಜನೆಗಳ ಮೂಲಕವಷ್ಟೇ ಓದಿದ್ದ ನನಗೆ, ಕೆಳಗಿನ ಒಬ್ಬ ಅಧಿಕಾರಿಯ ಧೈರ್ಯಕ್ಕೂ ಕಾವಡಿ ಹೊತ್ತವರ ಹಟಕ್ಕೂ ಅದರಲ್ಲಿ ಇಷ್ಟು ದೊಡ್ಡ ಪಾಲಿದೆ ಎಂಬುದು ತಿಳಿದಿರಲಿಲ್ಲ.

ಆಟಿಕೆಗಳ ಸಾಲಿನಲ್ಲಿ ಗೆಳೆಯ ನಿಲ್ಲಲೇ ಇಲ್ಲ. 2021ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ನಮ್ಮ ದೇಶದೊಳಗೆ ಬರುವಂತಿಲ್ಲ, ಆಮದು ಸುಂಕವೂ 70 ಶೇಕಡಾ ತಲುಪಿದೆ. ನಾನು ಮಾತ್ರ ಮರದ ಆಟಿಕೆಗಳ ಮಳಿಗೆಯೊಂದರ ಮುಂದೆ ನಿಂತುಬಿಟ್ಟೆ. ಅವು ಬಂದದ್ದು ಇದೇ ಪ್ರಾಂತ್ಯದ ಯುನ್‌ಹೆ ಎಂಬ ಬೆಟ್ಟಸೀಮೆಯಿಂದ. ಮರದ ಆಟಿಕೆಗೆ ಆ ಊರು ಹೆಸರಾದದ್ದು. ಎಳೆಯುವ ಬಾತುಕೋಳಿಯೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಅರಗಿನ ಹೊಳಪಾಗಲಿ, ದೊಡ್ಡಪ್ಪನ ಕೈಯ ನಯವಾಗಲಿ ಅದರಲ್ಲಿ ಇರಲಿಲ್ಲ. ಕೆಲಸಗಾರಿಕೆಯಲ್ಲಿ ನಾವು ಸೋತಿಲ್ಲ ಎಂದು ಇಂದಿಗೂ ನಂಬಿದ್ದೇನೆ. ಒಂದನ್ನು ಕೊಳ್ಳಲು ಕೇಳಿದಾಗ ಒಡತಿ ನಗುತ್ತ ತಲೆಯಾಡಿಸಿ ಒಂದು ಪೂರ್ತಿ ಪೆಟ್ಟಿಗೆಯತ್ತ ಕೈ ತೋರಿದರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗೋದಾಮಿನಲ್ಲಿ. ನಲವತ್ತು ಮಳಿಗೆಗಳಿಂದ ಒಂದೆರಡು ಪೆಟ್ಟಿಗೆಯಂತೆ ಕೊಂಡ ಸರಕನ್ನೆಲ್ಲ ಒಂದೇ ಕಂಟೇನರಿನಲ್ಲಿ ತುಂಬಿ, ಸರಳವಾದ ಸುಂಕಪತ್ರದೊಂದಿಗೆ ಕಳುಹಿಸುವ ವ್ಯವಸ್ಥೆ ಚೀನಾದಲ್ಲಿ ಮೊದಲು ಜಾರಿಗೆ ಬಂದದ್ದು ಈ ಊರಿನಲ್ಲೇ. ಹತ್ತು ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ ತಯಾರಾದ ಅಂಗಿಯ ಗುಂಡಿಯೂ ಹಾಗಾಗಿ ಬ್ರೆಜಿಲ್ ತಲುಪುತ್ತದೆ. 2014ರ ನವೆಂಬರಿನಲ್ಲಿ ಇಲ್ಲಿಂದ ಹೊರಟ ಸರಕು ರೈಲು, ಹಳಿಗಳ ಅಗಲ ಬದಲಾಗುವ ಗಡಿಗಳಲ್ಲಿ ಕಂಟೇನರುಗಳನ್ನು ಎತ್ತಿ ಬೇರೆ ಬೋಗಿಗಳಿಗಿಡುತ್ತ, 13,000 ಕಿ.ಮೀ. ಕ್ರಮಿಸಿ 21 ದಿನಗಳಲ್ಲಿ ಸ್ಪೇನಿನ ಮ್ಯಾಡ್ರಿಡ್ ಮುಟ್ಟಿತು. ನಮ್ಮ ಕುಶಲಕರ್ಮಿಯ ಬೆನ್ನ ಹಿಂದೆ ಇಂಥ ದಾರಿಯನ್ನು ನಾವು ಯಾರೂ ಹಾಕಿಕೊಡಲಿಲ್ಲವಲ್ಲ ಎಂಬ ನೋವು ಅಲ್ಲಿ ನಿಂತಾಗ ನನ್ನನ್ನು ಬಹಳ ಕಾಡಿತು.

ಈ ದಾರಿಯ ಭಾರ ಹೊತ್ತವರೂ ಅಲ್ಲೇ ಇದ್ದರು. ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದ ಹೆಂಗಸು ಪಕ್ಕದ ಜಿಯಾಂಗ್‌ಷಿ ಪ್ರಾಂತ್ಯದವರು. ಮಗ ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದಾನೆ ಎಂದು ದುಭಾಷಿಯ ಮೂಲಕ ಹೇಳಿದರು. ಹುಟ್ಟೂರಿಗೆ ಕಟ್ಟಿಹಾಕುವ ‘ಹುಕೌ’ ಎಂಬ ಮನೆ ನೋಂದಣಿಯಿಂದಾಗಿ ವಲಸೆ ಬಂದವರ ಮಕ್ಕಳಿಗೆ ನಗರದ ಸರ್ಕಾರಿ ಶಾಲೆಗಳಲ್ಲಿ ಜಾಗ ಸುಲಭವಾಗಿ ಸಿಗುವುದಿಲ್ಲ. ಹೊಸ ವರ್ಷದ ಹಬ್ಬಕ್ಕೆ ಮಾತ್ರ ಮಗನನ್ನು ನೋಡುತ್ತಾರಂತೆ.

ಎರಡನೆಯ ದಿನ ಸಂಜೆ ಐದಕ್ಕೆ ಮಳಿಗೆಗಳ ಬಾಗಿಲು ಬೀಳತೊಡಗಿದಾಗ ಗೆಳೆಯ ತನ್ನ ಕ್ಲಿಪ್ಪುಗಳ ಹನ್ನೆರಡು ಪೆಟ್ಟಿಗೆಗಳನ್ನು ಎಣಿಸಿ, ಪ್ರತಿಯೊಂದರ ಮೇಲೂ ದಪ್ಪ ಮಸಿಯಿಂದ ‘ಚೆನ್ನೈ’ ಎಂದು ಬರೆದ. ಪಕ್ಕದ ರಾಶಿಯ ಮೇಲೆ ‘ಮೊಂಬಾಸಾ’ ಎಂದಿತ್ತು. ನಿಂಗ್ಬೊ ಬಂದರಿಗೆ ಹೊರಟ ಲಾರಿಗೆ ಎರಡನ್ನೂ ಒಟ್ಟಿಗೇ ಏರಿಸಿದರು.